ಪ್ರಯಾಣ ಭತ್ಯೆ

ಹೊಳೆಬಸಾಪುರದ ದಂಡೆಯಲ್ಲಿ, ಬೇವಿನ ಬುಡಕ್ಕೆ
ಮೂರು ದಿನ ಕೂತೆ.
ಕೈಯಲ್ಲಿ ರಟ್ಟು, ರಟ್ಟಿಗೆ ಕ್ಲಿಪ್ಪು, ಕ್ಲಿಪ್ಪಿಗೆ ನಮೂನೆ:
ದಾಟಿದವರೆಷ್ಟು, ಉದ್ದೇಶವೇನು,
ಉಳಿದ ಸಮಯ ನಿಮಿಷಗಳಲ್ಲಿ,
ಉಳಿದ ಹಣ ರೂಪಾಯಿಗಳಲ್ಲಿ.
ಹಾವೇರಿ ಕಚೇರಿಯಲ್ಲಿ ಸಾಹೇಬರು ಹೇಳಿ ಕಳಿಸಿದ್ದರು:
ಸರ್ಕಾರಿ ದೋಣಿ, ಇಷ್ಟು ಡೀಸೆಲ್ಲು, ಒಬ್ಬ ಅಂಬಿಗನ ಪಗಾರ,
ಬದಲಿಗೆ ಏನು ಬರುತ್ತದೆ? ಒಂದು ಅಂಕಿ ಬೇಕು.
ಒಂದೇ ಅಂಕಿ, ಕೊನೆಯ ಸಾಲಿನಲ್ಲಿ.

ಮೊದಲ ದಿನ ನಸುಕಿಗೆ ಮೂವತ್ತೊಂದು ಹೆಂಗಸರು,
ತಲೆಗೆ ಟವೆಲ್ಲು, ಕಂಕುಳಲ್ಲಿ ಬುತ್ತಿಗಂಟು.
ಎಲ್ಲಿಗೆ ಅಂದೆ. ಕ್ರಾಸಿಂಗಿಗಿ ಅಂದರು.
ದಾಟುವುದಕ್ಕೇ ದಾಟುತ್ತಾರೇನೋ ಎಂದು
ಹಾಗೇ ಬರೆದುಕೊಂಡೆ.
ಬರಮವ್ವ ಬಗ್ಗಿ ನೋಡಿ ನಕ್ಕಳು:
"ಹೊಳಿ ಅಲ್ಲರಿ ಅಕ್ಕಾರ, ಹೂವ!"
ಆಚೆ ದಂಡೆಯ ಬೀಜದ ಹತ್ತಿಯಲ್ಲಿ
ಗಂಡುಹೂವಿನ ಪುಡಿ ಹೆಣ್ಣುಹೂವಿಗೆ ಮುಟ್ಟಿಸುವ ಕೂಲಿ.
ಬೆಳಿಗ್ಗೆ ಅರಳಿದ್ದಕ್ಕೆ ಬೆಳಿಗ್ಗೆಯೇ ಕೈ ತಾಗಬೇಕು,
ಮುದುಡಿದ ಹೂವಿಗೆ ಪಗಾರವಿಲ್ಲ.
ಅಳಿಸಿ ಬರೆದೆ. ಉದ್ದೇಶ: ಕೂಲಿ.

ಆಮೇಲೆ ಹಾಲಿನ ಕ್ಯಾನು ನಾಲ್ಕು,
ಹಜರತಬಿಯ ಮೊಟ್ಟೆ ಟ್ರೇ,
ಒಂದು ಟಗರು (ಟಗರಿಗೆ ಉದ್ದೇಶ ಕೇಳಲಿಲ್ಲ),
ಬೀಗರ ಜೋಡಿ ಬದುವಿನ ಜಗಳಕ್ಕೆ ಹೊರಟ ಚಮನಸಾಬ:
"ದಿನಾ ಹೋಗಬೇಕರಿ, ಬಿಟ್ರ ಜಗಳ ಆರಿ ಹೊಕ್ಕೈತಿ."
ಇದು ಆರ್ಥಿಕವೋ ಸಾಮಾಜಿಕವೋ ತಿಳಿಯದೆ
ಎರಡೂ ಕಾಲಮ್ಮಿನ ಗೆರೆಯ ಮೇಲೆ ಅವನ ಹೆಸರು ಇಟ್ಟೆ.

ಮೈಲಾರಪ್ಪ ಬಾರಕೇರ, ದೋಣಿ ನಡೆಸುವವನು,
ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿ ಕೇಳಿದ:
"ಹೋಗೂ ಮಂದಿ, ಬರೂ ಮಂದಿ, ಕೂಡಬೇಕೇನ್ರಿ ನಿಮ್ಮ ಲೆಕ್ಕ?"
ಕೂಡಬೇಕು ಅಂದೆ.
"ಕೂಡಂಗಿಲ್ಲರಿ. ಬಾಣಂತನಕ್ಕ ಹೋದಾಕಿ ಇಬ್ಬರಾಗಿ ಬರತಾಳ.
ದವಾಖಾನಿಗೆ ಒಯ್ದ ಮಂದಿ
ಒಮ್ಮೊಮ್ಮಿ ಒಬ್ಬನ್ನ ಬಿಟ್ಟು ಬರತಾರ.
ಆ ದಿನ ನಾ ರೊಕ್ಕ ಇಸ್ಗೊಳ್ಳಂಗಿಲ್ಲ."
ರೊಕ್ಕ ಇಲ್ಲದ ದಾಟನ್ನು ಎಲ್ಲಿ ಬರೆಯುವುದು?
ಅವನೇ ನನ್ನ ಪೆನ್ನಿನ ಕಡೆ ನೋಡುತ್ತ ಕಾದ.

ಮೂರನೆಯ ದಿನ ಇಂಜಿನ್ ಎತ್ತಿಕೊಳ್ಳಲಿಲ್ಲ.
ಸಾಮಾನು ರಾಣೇಬೆನ್ನೂರಿನಿಂದ ಬರಬೇಕು, ಸಂಜೆಗೆ.
ತುಂಗಭದ್ರೆ ಕೆಂಪಗೆ ತುಂಬಿ ಹೊರಟಿದ್ದಳು,
ಹುಟ್ಟು ಹಾಕುವ ಮಾತೇ ಇಲ್ಲ.
ಮೂವತ್ತೊಂದು ಮಂದಿ ಮೆಟ್ಟಿಲ ಮೇಲೆ ಕೂತರು.
ಬಸ್ಸು ಪುಕ್ಕಟೆ ಐತಲ್ಲ, ಸುತ್ತು ಹಾಕಿ ಹೋಗ್ರಿ ಅಂದೆ.
"ಬಸ್ಸು ಪುಕ್ಕಟೆ ಐತ್ರಿ," ಅಂದಳು ಬರಮವ್ವ,
"ಹೂವು ಕಾಯಂಗಿಲ್ಲ."

ಎಂಟಾಯಿತು. ಒಂಬತ್ತು.
ಆಚೆ ದಂಡೆಯ ಹಸಿರನ್ನು ನೋಡುತ್ತ ಅವಳೇ ಹೇಳಿದಳು:
"ಈಗ ಅರಳ್ಯಾವು."
ಎಷ್ಟೋ ಹೊತ್ತಿನ ಮೇಲೆ, ಸೆರಗು ಕೊಡವಿ:
"ಮುಗೀತು."
ಬುತ್ತಿ ಅಲ್ಲೇ ಬಿಚ್ಚಿದರು. ನನಗೂ ಒಂದು ರೊಟ್ಟಿ,
ಗುರೆಳ್ಳು ಹಿಂಡಿ.
ನಮೂನೆಯಲ್ಲಿ ಆ ದಿನದ ಸಾಲು:
ದಾಟಿದವರು ಸೊನ್ನೆ, ಮೌಲ್ಯ ಸೊನ್ನೆ.

ಆಚೆ ಪಂಚಾಯ್ತಿಯ ಸಹಿ ಬಾಕಿ ಇತ್ತು.
ಎರಡು ಬಸ್ಸು, ಒಂದು ಟಂಟಂ, ಸೇತುವೆ ದಾಟಿ
ನಲವತ್ತಮೂರು ಕಿಲೋಮೀಟರು.
ಮುಟ್ಟಿದಾಗ ಕಾರ್ಯದರ್ಶಿ ಬೀಗ ಹಾಕಿ ಹೋಗಿದ್ದ.
ಅವನ ಅಂಗಳದಿಂದ ನೋಡಿದರೆ
ನನ್ನ ಬೇವಿನ ಮರ ಕಾಣುತ್ತಿತ್ತು,
ಅದರ ಬುಡದಲ್ಲಿ ನಾನು ಮರೆತ ನೀರಿನ ಬಾಟಲಿ ಕೂಡ.

ವರದಿ ಕೊಟ್ಟೆ. ಕೊನೆಯ ಸಾಲಿಗೆ ಒಂದು ಅಂಕಿ ಹಾಕಿದೆ,
ಯಾರೂ ಅದನ್ನು ಪ್ರಶ್ನಿಸಲಿಲ್ಲ.
ತಿರುಗಿ ಬಂದದ್ದು ನನ್ನ ಪ್ರಯಾಣ ಭತ್ಯೆಯ ಬಿಲ್ಲು,
ಮೂಲೆಯಲ್ಲಿ ಲೆಕ್ಕಪತ್ರದವರ ಹಸಿರು ಶಾಯಿ:
"ನಕಾಶೆಯಂತೆ ಎರಡು ಊರುಗಳ ಅಂತರ ಆರುನೂರು ಮೀಟರು.
ನಲವತ್ತಮೂರು ಕಿಲೋಮೀಟರು ಹೇಗಾಯಿತು?
ವಿವರಣೆ ಸಲ್ಲಿಸುವುದು."

ಬಿಳಿ ಹಾಳೆ ತೆಗೆದುಕೊಂಡು ಕೂತಿದ್ದೇನೆ.
ಮೊದಲ ಸಾಲು ಆಗಿದೆ: ಆ ದಿನ ದೋಣಿ ಇರಲಿಲ್ಲ.
ಎರಡನೆಯದನ್ನು
ಹೂವಿನಿಂದ ಶುರು ಮಾಡಬೇಕು.